ಉಮಾಶಂಕರ್ ಮೇಷ್ಟ್ರ ಕಾರಿಗೆ ಬಂದ ದಪ್ಪ ಸರಳು

ಉಮಾಶಂಕರ್ ಮೇಷ್ಟ್ರ ಕಾರು ತಿರುವಿನಲ್ಲಿ ವಾಲುತ್ತಿತ್ತು. ಹನ್ನೊಂದು ವರ್ಷದ ಹಳೆಯ ಕಾರು, ವಾಲದೆ ಇನ್ನೇನು ಮಾಡೀತು ಎಂದು ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರು. ಇವರಿಗೆ ಅದು ಆಗಲಿಲ್ಲ. ಕೋಲಾರದ ಮನೆಯಿಂದ ಗೌನಿಪಲ್ಲಿ ಹತ್ತಿರದ ಹೈಸ್ಕೂಲಿಗೆ ದಿನಾ ಕಾರು ಓಡಿಸುವುದೇ ಅವರ ಸುಖ. ಕಾಲೇಜಿನಲ್ಲಿದ್ದಾಗ ಕಾರು ಓಟದ ರ‍್ಯಾಲಿಗೆ ಹೋಗಬೇಕೆಂಬ ಹುಚ್ಚಿತ್ತು, ಅಪ್ಪ ಬಿ.ಎಡ್.ಗೆ ಸೇರಿಸಿದರು. ಗಣಿತದ ಮೇಷ್ಟ್ರಾದರು. ಹುಚ್ಚು ಮಾತ್ರ ದಾರಿಯ ಗುಡ್ಡದ ಪಕ್ಕದ ನಾಲ್ಕು ತಿರುವುಗಳಲ್ಲಿ ಉಳಿದುಕೊಂಡಿತ್ತು.

ಶ್ರೀನಿವಾಸಪುರದಲ್ಲಿ ತುಳಸಮ್ಮ ಹತ್ತಿಕೊಳ್ಳುತ್ತಿದ್ದರು. ಅದೇ ಶಾಲೆಯ ಕನ್ನಡ ಮೇಡಂ, ನಿವೃತ್ತಿಗೆ ಎರಡು ವರ್ಷವಿತ್ತು, ಸೊಂಟದ ನೋವು ಹಳೆಯದು. ಆರು ವರ್ಷದಿಂದ ಮುಂದಿನ ಎಡಗಡೆ ಸೀಟು ಅವರದೇ. ಹೆಂಡತಿಯ ಹತ್ತಿರವೂ ಹೇಳದ ಎಷ್ಟೋ ಸಂಗತಿಗಳನ್ನು ಉಮಾಶಂಕರ್ ಅವರ ಹತ್ತಿರ ಹೇಳಿಕೊಂಡಿದ್ದರು.

ಒಂದು ದಿನ ತಿರುವಿನಲ್ಲಿ ತುಳಸಮ್ಮ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದು, "ನಿಧಾನ ಕಣಪ್ಪಾ" ಎಂದರು. ನಿಧಾನ ಮಾಡುವುದರ ಬದಲು ಉಮಾಶಂಕರ್, ಕಾರು ವಾಲದ ಹಾಗೆ ಮಾಡಿಸಬೇಕೆಂದು ತೀರ್ಮಾನಿಸಿದರು. ಮೇಡಂಗೋಸ್ಕರ ಎಂದು ತಮಗೆ ತಾವೇ ಹೇಳಿಕೊಂಡರು.

ಎಡ ಚಕ್ರವನ್ನೂ ಬಲ ಚಕ್ರವನ್ನೂ ಕಾರಿನಡಿ ಜೋಡಿಸುವ ಬಾಗಿದ ಉಕ್ಕಿನ ಸರಳೊಂದಿದೆ. ಪುಸ್ತಕದಲ್ಲಿ ಅದು ಆಂಟಿ-ರೋಲ್ ಬಾರ್, ಗ್ಯಾರೇಜಿನಲ್ಲಿ ಸ್ಟೆಬಿಲೈಜರ್. ಅದು ದಪ್ಪವಿದ್ದಷ್ಟೂ ಕಾರು ವಾಲುವುದು ಕಡಿಮೆ. ಉಮಾಶಂಕರ್ ಮುಂದಿನ ಚಕ್ರಗಳಿಗೆ ದಪ್ಪನೆಯದೊಂದನ್ನು ತರಿಸಿ, ಕೋಲಾರದಲ್ಲಿ ಗಂಗುಲಪ್ಪನ ಗ್ಯಾರೇಜಿಗೆ ಒಯ್ದರು.

ಗಂಗುಲಪ್ಪ ಸರಳನ್ನು ಕೈಯಲ್ಲಿ ತೂಗಿ ನೋಡಿದ. "ನಮ್ ರೋಡಿಗೆ ಇದು ಬೇಡ ಸಾರ್. ಎಡಗಡೆ ವೀಲು ಹಳ್ಳಕ್ಕೆ ಬಿದ್ರೆ ಬಲಗಡೇದನ್ನೂ ಎಳ್ಕೊಂಡ್ಹೋಗುತ್ತೆ. ಇಡೀ ಗಾಡಿ ಆಡುತ್ತೆ."

"ಎಲ್ಲಾ ಓದ್ಕೊಂಡೇ ಬಂದಿದೀನಿ. ನೀನು ಹಾಕು."

ಸರಳಿನ ತುದಿಯಲ್ಲಿ ಮೂರು ತೂತುಗಳಿದ್ದವು. ಯಾವ ತೂತಿಗೆ ಬೋಲ್ಟ್ ಹಾಕುತ್ತೇವೆ ಎಂಬುದರ ಮೇಲೆ ಬಿಗಿ ಹೆಚ್ಚು ಕಡಿಮೆಯಾಗುತ್ತದೆ. ಅತಿ ಬಿಗಿಯದಕ್ಕೇ ಹಾಕಿಸಿದರು.

ಭಾನುವಾರ ಒಬ್ಬರೇ ಹೋಗಿ ತಿರುವುಗಳಲ್ಲಿ ಓಡಿಸಿದಾಗ ಕಾರು ನೆಲಕ್ಕೆ ಅಂಟಿಕೊಂಡಂತೆ ತಿರುಗಿತು. ಎರಡೆರಡು ಸಲ ಹೋಗಿ ಬಂದರು. ಸೋಮವಾರ ತುಳಸಮ್ಮ ಕೂತರು. ಶ್ರೀನಿವಾಸಪುರ ದಾಟಿದ ಮೇಲೆ ನೀರಿನ ಪೈಪಿಗೆಂದು ರಸ್ತೆಯ ಎಡ ಅಂಚನ್ನು ಅಗೆದು, ಹೇಗೋ ಮುಚ್ಚಿ ಹೋಗಿದ್ದರು. ಎಡ ಚಕ್ರ ಅಲ್ಲಿ ಇಳಿದ ಕೂಡಲೇ ಕಾರು ಅತ್ತಿಂದಿತ್ತ ಒಗೆದಾಡಿತು. ತುಳಸಮ್ಮನ ತಲೆ ಗಾಜಿಗೆ ಟಕ್ಕೆಂದು ಬಡಿಯಿತು.

"ಏನಪ್ಪಾ ಮಾಡಿಸ್ದೆ ಇದಕ್ಕೆ? ಮೊದ್ಲು ಒಂದ್ಕಡೆ ಇಳೀತಿತ್ತು, ಈಗ ಎರಡ್ ಕಡೇನೂ ಒದೀತಿದೆ."

"ತಿರುವು ಬರ್ಲಿ ಮೇಡಂ, ಆಗ ನೋಡಿ."

ತಿರುವು ಬಂತು. ಕಾರು ಒಂದಿಷ್ಟೂ ವಾಲಲಿಲ್ಲ. ತುಳಸಮ್ಮ ಹಣೆ ಒತ್ತಿಕೊಂಡು ಕೂತಿದ್ದರು, ನೋಡಲೇ ಇಲ್ಲ.

ಆಮೇಲಿನ ಎರಡು ವಾರ ಉಮಾಶಂಕರ್ ಒದ್ದಾಡಿದರು. ಟೈರಿನ ಗಾಳಿ ಇಳಿಸಿದರು. ರಸ್ತೆಯ ಮಧ್ಯಕ್ಕೆ ಬಂದರೆ ಎದುರಿಗೆ ಟೊಮೆಟೊ ಲಾರಿಗಳು. ಸರಳನ್ನು ಹಿಡಿದ ರಬ್ಬರ್ ಬುಷ್ ಕಿರ್ರೆನ್ನತೊಡಗಿತು. ಗ್ರೀಸ್ ಹಚ್ಚಿದರೆ ನಾಲ್ಕು ದಿನ ಸುಮ್ಮನಿದ್ದು ಮತ್ತೆ ಕಿರ್ರೆನ್ನುತ್ತಿತ್ತು. ಪೈಪಿನ ಕಂಟ್ರಾಕ್ಟರನನ್ನು ಬೈದರು, ಪಂಚಾಯಿತಿಯನ್ನು ಬೈದರು. ತುಳಸಮ್ಮ ಬಾಯಿ ಬಿಡದೆ ಸೀಟಿಗೆ ದಿಂಬು ತಂದಾಗ ಒಳಗೊಳಗೇ ಅವರ ಮೇಲೂ ಉರಿದುಕೊಂಡರು.

ಮೂರನೆಯ ವಾರ ಫೋನು ಬಂತು. "ಇವತ್ತಿಂದ ಬಸ್ಸಲ್ಲಿ ಬರ್ತೀನಿ, ಕಾಯ್ಬೇಡ."

"ಯಾಕೆ ಮೇಡಂ?" ಎಂದು ಕೇಳುವ ಮುಖ ಅವರಿಗಿರಲಿಲ್ಲ. "ಆಗ್ಲಿ" ಎಂದರು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವರೇ ಸೀದಾ ಗ್ಯಾರೇಜಿಗೆ ಹೋದರು. "ಹಳೇದೇ ಹಾಕಿಬಿಡು ಗಂಗುಲಪ್ಪ."

"ಅಯ್ಯೋ ರಾಮ! ಅದು ಗುಜರಿಗೆ ಹೋಯ್ತಲ್ಲ ಸಾರ್. ಇನ್ನ್ಯಾಕೆ ಬಿಸಾಕು ಅಂದಿದ್ದು ನೀವೇ ಅಲ್ವಾ?"

ಹೌದು, ಅವರೇ. ಆ ಮಾದರಿಯ ಕಾರು ಬರುವುದೇ ನಿಂತಿತ್ತು. ಕೋಲಾರದ ಗುಜರಿಗಳಲ್ಲಿ ಹುಡುಕಿದರು, ಮಾಲೂರಿಗೂ ಹೋದರು. ಅಲ್ಲಿ ಸಿಕ್ಕಿದ್ದನ್ನು ತಂದು ಹಾಕಿಸಿ ನೋಡಿದರೆ ನಾಲ್ಕು ಬೆರಳು ಗಿಡ್ಡ. ಅದನ್ನು ನೆಲಕ್ಕೆ ಒಗೆದು, ಕಾಲ್ಬೆರಳಿಗೆ ತಾಗಿಸಿಕೊಂಡರು.

ಕಡೆಗೆ ಗಂಗುಲಪ್ಪನೇ ಬೋಲ್ಟುಗಳನ್ನು ಅತಿ ಸಡಿಲದ ತೂತಿಗೆ ಬದಲಾಯಿಸಿಕೊಟ್ಟ. ಒಗೆದಾಟ ಅರ್ಧಕ್ಕರ್ಧ ಇಳಿಯಿತು. ಸೋಮವಾರ ಉಮಾಶಂಕರ್ ಶ್ರೀನಿವಾಸಪುರದ ಬಸ್ ಸ್ಟಾಂಡಿನ ಎದುರಿಗೇ ಕಾರು ನಿಲ್ಲಿಸಿ, ಇದೊಂದು ಸಲ ಬನ್ನಿ ಎಂದು ಬೇಡಿಕೊಂಡರು. ತುಳಸಮ್ಮ ಬಂದರು.

ಶಾಲೆಯ ಗೇಟಿನಲ್ಲಿ ಇಳಿಯುತ್ತಾ ಅವರೆಂದರು: "ವಾಸಿ ಕಣಪ್ಪಾ. ಆದ್ರೆ ಬಸ್ಸೇ ಮೇಲು ನಂಗೆ. ತಲೆ ಬಡಿದ ದಿನಾನೇ ನಾನು ಹೇಳ್ದೆ. ನೀನು ತಿರುವು ನೋಡಿ ಅಂದೆ."

ಉಮಾಶಂಕರ್ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು. "ತಪ್ಪಾಯ್ತು ಮೇಡಂ."

ತುಳಸಮ್ಮ ದಿಂಬನ್ನು ಕಂಕುಳಿಗಿಟ್ಟುಕೊಂಡರು. "ಶುಕ್ರವಾರ ಸಂತೆ, ಬಸ್ಸಲ್ಲಿ ಕಾಲಿಡೋಕಾಗಲ್ಲ. ಶುಕ್ರವಾರ ಬರ್ತೀನಿ. ಆ ದರಿದ್ರದ್ದನ್ನ ತೆಗೆದೇ ಬಿಡೋಕಾಗಲ್ವಾ?"

"ಹಳೇದು ಸಿಗ್ತಿಲ್ಲ ಮೇಡಂ. ಮುಳಬಾಗಿಲಲ್ಲಿ ಒಂದಿದೆಯಂತೆ, ವಿಚಾರಿಸ್ಬೇಕು."

"ವಿಚಾರಿಸು," ಎಂದು ಅವರು ಒಳಗೆ ಹೋದರು.