ಅಕ್ಕನ ಗುಳಿಗಿಯಲ್ಲಿ ಚೌಕಾಶಿ

ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ವ್ಯಾಪಾರ ಮಾಡಿ ಮೇಲೆ ಬಂದವನು ನಾನು. ಹೇಳಿದ ರೇಟಿಗೆ ಯಾವುದನ್ನೂ ಒಪ್ಪಿದವನಲ್ಲ. ಮುರಗೋಡದ ನನ್ನ ಅಕ್ಕನಿಗೆ ಶುಗರ್, ಹಾರ್ಟಿನ ತೊಂದರೆ ಎರಡೂ ಇವೆ. ಮುಂಜಾನೆ ತಿಂದ ಅರ್ಧ ರೊಟ್ಟಿ ಸಂಜೆಯಾದರೂ ಹೊಟ್ಟೆಯಲ್ಲೇ ಕುಂತಿರುತ್ತದೆ ಎಂದು ಒಮ್ಮೆ ನನ್ನ ಮುಂದೆ ಅತ್ತಳು.

"ದಿನಾ ಏಳು ಗುಳಿಗಿ ನುಂಗಿದ್ರ ರೊಟ್ಟಿಗೆ ಜಾಗಾ ಎಲ್ಲೈತಿ ಅಕ್ಕಾ? ಐದಕ್ಕ ಮುಗಸು," ಎಂದು ಹಾರ್ಟಿನ ಎರಡು ಗುಳಿಗಿ ನಾನೇ ಬಿಡಿಸಿದೆ. ವ್ಯವಹಾರದಲ್ಲಿ ತಮ್ಮ ಮೋಸ ಹೋಗುವವನಲ್ಲ ಎಂದು ಅವಳು ನಂಬಿದಳು.

ವಾರದೊಳಗೆ ಅವಳ ಕಾಲು ಬಾತವು, ಮಲಗಿದರೆ ಉಸಿರು ಸಾಲದಾಯಿತು. ದವಾಖಾನೆಗೆ ಒಯ್ದೆ. ಬಹಳ ವರ್ಷದ ಶುಗರ್‌ನಿಂದ ಹೊಟ್ಟೆಯ ಕೆಲಸ ನಿಧಾನವಾಗಿದೆ, ಮೆತ್ತಗಿನದನ್ನು ಸ್ವಲ್ಪ ಸ್ವಲ್ಪವೇ ಉಂಡರೆ ಅರಗುತ್ತದೆ ಎಂದರು ಡಾಕ್ಟರು.

"ಹಾರ್ಟಿನ ಗುಳಿಗಿ ಯಾಕ ಬಿಟ್ರಿ ಯವ್ವಾ?" ಎಂದು ಉಳಿದ ಗುಳಿಗಿ ಎಣಿಸಿ ಕೇಳಿದರು.

"ನಾನ ಮರತೇನ್ರಿ," ಎಂದಳು ಅಕ್ಕ, ನನ್ನ ಕಡೆ ನೋಡದೆ.

ಇಂಥದ್ದನ್ನು ಮರೆಯುತ್ತಾರೇನು ಎಂದು ಡಾಕ್ಟರು ಅವಳನ್ನೇ ಬೈದರು. ಊರಿಗೆಲ್ಲ ಬುದ್ಧಿ ಹೇಳುವ ನಾನು ಪಕ್ಕದಲ್ಲಿ ಔಷಧದ ಚೀಟಿ ಮಡಚುತ್ತ ನಿಂತಿದ್ದೆ.

ಈಗ ಅಕ್ಕ ದಿನಕ್ಕೆ ಐದು ಸಲ ಮೆತ್ತನೆಯ ಅನ್ನ ಉಣ್ಣುತ್ತಾಳೆ, ಏಳೂ ಗುಳಿಗಿ ನುಂಗುತ್ತಾಳೆ, ಉಸಿರೂ ಸರಿಯಾಗಿದೆ. ಡಾಕ್ಟರಿಗೆ ನಿಜ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.