ತೊಟ್ಟಿಗೆ ಬಡಿಸಿದ ಪಾಯಸ

ನಾನು ಓದಿದ್ದು ಮೂರನೇ ಕ್ಲಾಸು. ಬಾಕಿ ಕಲಿತದ್ದೆಲ್ಲ ಮೂಡುಬಿದಿರೆ, ಮಡಂತ್ಯಾರಿನ ಮದುವೆ ಹಾಲ್‌ಗಳಲ್ಲಿ, ಪಾಯಸದ ಬಕೆಟು ಹಿಡಿದು. ನನ್ನ ಪಂಕ್ತಿಯಲ್ಲಿ ಕೂತವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಒಂದು ಸೌಟು ಇಳಿಸಿಯೇ ಮುಂದೆ ಹೋಗುತ್ತಿದ್ದೆ. ಈ ಚಟವೇ ನನ್ನ ಪುಳ್ಳಿಯ ಮರ್ಯಾದೆ ತೆಗೆಯಲು ಹೊರಟಿತ್ತು. ಪುಳ್ಳಿ ಎಂದರೆ ಮಗನ ಮಗಳು, ಏಳನೇ ಕ್ಲಾಸು. ಅವಳ ಸಂಗತಿ ಶುರುಮಾಡಿದರೆ ನನ್ನ ಬಾಯಿ ನಿಲ್ಲುವುದಿಲ್ಲ, ನೀವೇ ಸುಧಾರಿಸಿಕೊಳ್ಳಬೇಕು.

ಬೆಳುವಾಯಿಯ ನಮ್ಮ ದನದ ಹಟ್ಟಿಯ ಪಕ್ಕ ಗೋಬರ್ ಗ್ಯಾಸಿನ ತೊಟ್ಟಿ ಇದೆ. ಎರಡು ದನಗಳ ಸಗಣಿಗೆ ಅಷ್ಟೇ ನೀರು ಸೇರಿಸಿ ಕಲಸಿ ದಿನಾ ಬೆಳಿಗ್ಗೆ ಹೊಯ್ಯುವುದು ನನ್ನ ಕೆಲಸ. ತೊಟ್ಟಿಯ ಮೇಲೆ ಕವುಚಿ ಹಾಕಿದ ದೊಡ್ಡ ಡ್ರಮ್ಮು. ಗ್ಯಾಸು ತುಂಬಿದ ಹಾಗೆ ಮೇಲೇಳುತ್ತದೆ, ಉರಿಸಿದ ಹಾಗೆ ಕೂರುತ್ತದೆ.

ಶಾಲೆಯಲ್ಲಿ ಮುಗಿದುಹೋಗದ ಶಕ್ತಿಗಳ ಪಾಠ ಬಂತು. ಬಿಸಿಲು, ಗಾಳಿ, ಸಗಣಿ. ಸಗಣಿಯದ್ದು ನಮ್ಮ ಮನೆಯಲ್ಲೇ ಇದೆ, ಅಜ್ಜ ನಡೆಸುವುದು ಎಂದು ಇವಳು ಎದ್ದು ನಿಂತು ಹೇಳಿದಳಂತೆ. ಎರಡು ವಾರ ಕಳೆದು ಶನಿವಾರ ಇಡೀ ಕ್ಲಾಸನ್ನೇ ಕರೆತರುತ್ತೇನೆ ಎಂದರು ಟೀಚರು. ಇವಳು ಅಷ್ಟಕ್ಕೇ ಬಿಟ್ಟಳೇ? ಅದೇ ಗ್ಯಾಸಿನಲ್ಲಿ ಎಲ್ಲರಿಗೂ ನೀರುದೋಸೆ ಎಂದು ಮಾತು ಕೊಟ್ಟು ಬಂದಳು. ಇಪ್ಪತ್ತೆರಡು ಮಕ್ಕಳು.

ನೆಂಟರು ಬರುವ ಮೊದಲು ತೊಟ್ಟಿಯ ಹೊಟ್ಟೆ ತುಂಬಿರಬೇಡವೇ? ಉಳಿದ ಊಟ ಹಾಕಿದರೂ ಗ್ಯಾಸಾಗುತ್ತದೆ ಎಂದು ಕೇಳಿದ್ದೆ. ಆ ಭಾನುವಾರವೇ ಹತ್ತಿರದ ಹೊಸ ಮನೆಯೊಕ್ಕಲಿನ ಊಟದಲ್ಲಿ ಅನ್ನ, ಪಾಯಸ ರಾಶಿ ಉಳಿದಿತ್ತು. ನಾಲ್ಕು ಬಕೆಟು ಹೊತ್ತು ತಂದು ಸುರಿದೆ. ಕೈ ಅಡ್ಡ ಹಿಡಿಯಲು ತೊಟ್ಟಿಗೆ ಕೈಯಾದರೂ ಎಲ್ಲಿದೆ?

ಮೂರನೇ ದಿನ ಡ್ರಮ್ಮು ಎದ್ದೇ ಇತ್ತು, ಆದರೆ ಒಲೆ ಹೊತ್ತಲಿಲ್ಲ. ಹುಳಿ ಹುಳಿ ವಾಸನೆ. ಪುಳ್ಳಿ ನನ್ನ ಮುಖ ನೋಡಿದಳು. ಒಪ್ಪಿಕೊಂಡೆ.

"ಅಜ್ಜ, ಅದಕ್ಕೆ ಅಜೀರ್ಣ ಆಗಿದೆ," ಎಂದಳು. ಕಣ್ಣಲ್ಲಿ ನೀರು.

"ಇವರು ಬಡಿಸ್ಲಿಕ್ಕೆ ನಿಂತ್ರೆ ಯಾರನ್ನು ಬಿಟ್ಟದ್ದುಂಟು? ಈಗ ಸಗಣಿ ಗುಂಡಿಯನ್ನೂ ಬಿಡ್ಲಿಲ್ಲ," ಎಂದಳು ನನ್ನ ಹೆಂಡತಿ ಒಳಗಿನಿಂದ. ಶನಿವಾರ ಸಿಲಿಂಡರಿನಲ್ಲೇ ದೋಸೆ ಹೊಯ್ಯುವ, ಮಕ್ಕಳಿಗೆ ಏನು ಗೊತ್ತಾಗುತ್ತದೆ ಎಂದೂ ಹೇಳಿದಳು. ಪುಳ್ಳಿ ಒಪ್ಪಲಿಲ್ಲ. ಸುಳ್ಳು ದೋಸೆ ಬೇಡವಂತೆ. ಆಗದಿದ್ದರೆ ಆಗಲಿಲ್ಲ ಎಂದೇ ಹೇಳುತ್ತಾಳಂತೆ.

ತೊಟ್ಟಿ ಕಟ್ಟಿದ ಮೇಸ್ತ್ರಿಗೆ ಫೋನು ಮಾಡಿದೆ. ನಕ್ಕು ಮುಗಿದ ಮೇಲೆ ಮದ್ದು ಹೇಳಿದ. ಕೆಟ್ಟ ಗ್ಯಾಸು ಹೊರಗೆ ಬಿಡಬೇಕು, ಸ್ವಲ್ಪ ಸುಣ್ಣದ ತಿಳಿ ಹೊಯ್ಯಬೇಕು, ಮತ್ತೆ ಸರಿಯಾಗಿ ನಡೆಯುವ ಬೇರೊಂದು ತೊಟ್ಟಿಯ ಬಗ್ಗಡ ತಂದು ಹಾಕಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆಮೇಲೆ ಒಂದು ವಾರ ಏನೂ ತಿನ್ನಿಸಬಾರದು. ಗುಡ್ಡದ ಮೇಲಿನ ಮನೆಯಿಂದ ಬಗ್ಗಡ ಹೊತ್ತು ತಂದದ್ದು ನನ್ನ ಪಾಯಸದ ಬಕೆಟಿನಲ್ಲೇ. ಆ ಬಕೆಟು ಇವತ್ತಿಗೂ ಮನೆಯೊಳಗೆ ಬಂದಿಲ್ಲ.

ಹೊರುವುದು ಸುಲಭ, ತಿನ್ನಿಸದೆ ಇರುವುದೇ ಕಷ್ಟ. ದಿನಾ ಬೆಳಿಗ್ಗೆ ಸಗಣಿ ಹಿಡಿದು ತೊಟ್ಟಿಯ ಹತ್ತಿರ ಹೋಗಿ ವಾಪಸು ಬರುತ್ತಿದ್ದೆ. ಪುಳ್ಳಿ ಡ್ರಮ್ಮು ಏರಿಳಿಯುವ ನಡುವಿನ ಕಂಬಕ್ಕೆ ಸೀಮೆಸುಣ್ಣದಲ್ಲಿ ಗೀಟು ಎಳೆದು ಕಾವಲು ಕೂತಳು. ಎಂಟನೇ ದಿನ ಡ್ರಮ್ಮು ಒಂದು ಗೇಣು ಎದ್ದಿತು. ಒಲೆ ಹೊತ್ತಿಸಿದರೆ ನೀಲಿ! ಅಲ್ಲಿಂದ ನಾನು ದಿನಕ್ಕೊಂದೇ ಬಕೆಟು ಹೊಯ್ದೆ, ಅವಳು ಆ ಒಲೆಯ ಹತ್ತಿರ ಯಾರನ್ನೂ ಬಿಡಲಿಲ್ಲ. ಗ್ಯಾಸು ಕೂಡಿಸಬೇಕಿತ್ತು.

ಶನಿವಾರ ಮಕ್ಕಳು ಬಂದು ಅಂಗಳದಲ್ಲಿ ಪಂಕ್ತಿಯಾಗಿ ಕೂತರು. ಕಡ್ಡಿ ಗೀರಿದ್ದು ಅವಳೇ. ಉರಿ ನಿಂತಿತು. ಅಜ್ಜಿ ದೋಸೆ ಹೊಯ್ದಳು, ದೋಸೆಯ ಕಾವಲಿಗೆ ಒಮ್ಮೆಯೂ ಮುಚ್ಚಳ ತಪ್ಪಲಿಲ್ಲ, ಗ್ಯಾಸು ಉಳಿಯಬೇಕಲ್ಲ. ಬಡಿಸುವ ನನಗೆ ಪುಳ್ಳಿಯ ಕಟ್ಟಪ್ಪಣೆ: ಒಬ್ಬರಿಗೆ ಎರಡೇ. ಕಡೆಯವರಿಗೆ ಕಡಿಮೆಯಾದರೆ ಮಾತು ತಪ್ಪಿದ ಹಾಗೆ. ಒಬ್ಬ ಹುಡುಗ ಖಾಲಿ ತಟ್ಟೆ ಎತ್ತಿ ಹಿಡಿದಾಗ ನನ್ನ ಕೈ ತಾನಾಗಿ ಹೋಯಿತು. ಅವಳು ಕಣ್ಣು ಬಿಟ್ಟಳು. ಕೈ ಹಿಂದೆ ಬಂತು. ಬಡಿಸಲು ಹೋಗಿ ಕೈ ಹಿಂದೆ ತಂದದ್ದು ಈ ಜನ್ಮದಲ್ಲಿ ಅದೇ ಮೊದಲು.

ಇಪ್ಪತ್ತೆರಡು ಮಕ್ಕಳಿಗೂ ಟೀಚರಿಗೂ ಎರಡೆರಡು ಆಯಿತು. ಪುಳ್ಳಿ ಓಡಿ ಹೋಗಿ ಗೀಟು ನೋಡಿ ಬಂದಳು. ಡ್ರಮ್ಮು ಇನ್ನೂ ಪೂರ್ತಿ ಕೂತಿರಲಿಲ್ಲ. ನನ್ನ ಹತ್ತಿರ ಬಂದು ಸಣ್ಣ ಸ್ವರದಲ್ಲಿ, "ಅಜ್ಜ, ಒಂದು ಗೇಣು ಉಂಟು. ಈಗ ಯಾರಿಗೆ ಬೇಕು ಕೇಳಿ," ಎಂದಳು.

ನಾನು ತಟ್ಟೆ ಎತ್ತಿಕೊಂಡು, ಮದುವೆ ಹಾಲ್‌ನ ಆ ಕೊನೆಯವರೆಗೆ ಕೇಳುತ್ತಿದ್ದ ನನ್ನ ಹಳೆಯ ಸ್ವರದಲ್ಲಿ, "ದೋಸೆ, ದೋಸೆ, ಯಾರಿಗೆ ದೋಸೆ?" ಎಂದು ಪಂಕ್ತಿಗೆ ಇಳಿದೆ. ಒಂದು ಮಗುವೂ ಕೈ ಅಡ್ಡ ಹಿಡಿಯಲಿಲ್ಲ.