ಕಾರಿನ ತಲೆಯಿಂದ ಇಳಿದ ಪೆಟ್ಟಿಗೆ

ಮೂಡಲಗಿಯ ಚಹಾದಂಗಡಿಯಲ್ಲಿ ಬಿಟ್ಟುಹೋಗಿದ್ದ ನನ್ನ ಲಗೇಜ್ ಪೆಟ್ಟಿಗೆ ಒಯ್ಯಲು ಇವತ್ತು ಬಂದೆ. ನಾಲ್ಕು ದಿನದ ಹಿಂದೆ ಅದು ಕಾರಿನ ತಲೆಯ ಮೇಲೆ ಸುಮ್ಮನೆ ಖಾಲಿ ಕೂತಿತ್ತು. ಕಾರು ಪೆಟ್ರೋಲ್ ಬಹಳ ಕುಡಿಯುತ್ತಿದೆ ಎಂದು ನಾನು ಗೊಣಗಿದ್ದು ಕೇಳಿ, ಅಲ್ಲೇ ಚಹಾ ಕುಡಿಯುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನ ಕಾಕಾ ಎದ್ದು ಬಂದಿದ್ದರು. "ಖಾಲಿ ಇದ್ರೂ ಗಾಳಿಗೆ ಅಡ್ಡ ನಿಂತೈತ್ರಿ ಅದು. ಇಳಸ್ರಿ" ಎಂದು ತಾವೇ ಪಾನಾ ಹಿಡಿದು ಬೋಲ್ಟು ಬಿಚ್ಚಿಕೊಟ್ಟರು.

ಕಾಕಾ ಹೇಳಿದ್ದು ಖರೆ. ಹುಕ್ಕೇರಿಗೆ ಹೋಗಿಬಂದರೂ ಪೆಟ್ರೋಲ್ ಮುಳ್ಳು ಅರ್ಧಕ್ಕಿಂತ ಮೇಲೇ ಇದೆ.

ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ಒಳಗೆ ಹುಲ್ಲಿನ ಮೇಲೆ ಕಾವಿಗೆ ಕೂತ ಕೋಳಿ ನನ್ನನ್ನೇ ದಿಟ್ಟಿಸಿತು.

ಅಂಗಡಿಯ ಅಕ್ಕ ಚಹಾ ಸೋಸುತ್ತಲೇ ಹೇಳಿದರು: "ಕಾವಿಗೆ ಕೂತದ್ದನ್ನ ಎಬ್ಬಸಬಾರದ್ರಿ. ಮೂರು ವಾರ ಬಿಟ್ಟು ಬರ್ರಿ. ಪೆಟಿಗಿ ಜೋಡಿ ಎರಡು ಮರಿನೂ ಒಯ್ರಿ."